‘ಉಪ್ಪು ಕಡಿಮೆ’ ಎಂಬ ಕೆಂಪು ದೀಪವನ್ನು ನಂಬುವ ಮುನ್ನ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಮನೆ-ನಿರ್ಮಾಣ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಉಪ್ಪುನೀರಿನ ಈಜುಕೊಳಗಳ ಕುರಿತ ಬರಹವನ್ನು ಆಸಕ್ತಿಯಿಂದ ಓದಿದೆ. ಇಂಥ ಕೊಳಗಳಿಗೆ ಕ್ಲೋರಿನ್ ಬೇಕಾಗುವುದಿಲ್ಲ, ಒಮ್ಮೆ ಉಪ್ಪು ಸುರಿದರೆ ಉಳಿದುದನ್ನು ಯಂತ್ರವೇ ನೋಡಿಕೊಳ್ಳುತ್ತದೆ, ಯಂತ್ರದ ‘ಉಪ್ಪು ಕಡಿಮೆ’ ದೀಪ ಕೆಂಪಾದಾಗ ಇನ್ನಷ್ಟು ಉಪ್ಪು ಹಾಕಿದರೆ ಸಾಕು ಎಂಬರ್ಥದ ಮಾತುಗಳು ಅದರಲ್ಲಿದ್ದವು. ಈ ಮೂರೂ ಮಾತುಗಳು ತಪ್ಪು. ಮೂರನೆಯದನ್ನು ನಂಬಿ ನಡೆದು ನಾನು ಹಣವನ್ನೂ, ಹತ್ತು ಸಾವಿರ ಲೀಟರಿನಷ್ಟು ನೀರನ್ನೂ, ಒಂದು ಮಲ್ಲಿಗೆ ಬಳ್ಳಿಯನ್ನೂ ಕಳೆದುಕೊಂಡಿದ್ದೇನೆ. ಪಾಲಿಟೆಕ್ನಿಕ್‌ನಲ್ಲಿ ಮೂರು ದಶಕ ಎಲೆಕ್ಟ್ರಾನಿಕ್ಸ್ ಬೋಧಿಸಿದವನಾಗಿಯೂ ನಾನು ಆ ದೀಪದ ಮಾತನ್ನು ಪ್ರಶ್ನಿಸದೆ ಒಪ್ಪಿಕೊಂಡೆನೆಂದರೆ, ಬೇರೆಯವರು ಒಪ್ಪಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಆದ್ದರಿಂದ ಈ ಪತ್ರ ಸ್ವಲ್ಪ ದೀರ್ಘವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಉಪ್ಪುನೀರಿನ ಕೊಳವು ಕ್ಲೋರಿನ್ ಇಲ್ಲದ ಕೊಳವಲ್ಲ. ಕ್ಲೋರಿನ್ನನ್ನು ಅಂಗಡಿಯಿಂದ ತಂದು ಸುರಿಯುವ ಬದಲು ತನ್ನ ಪೈಪಿನೊಳಗೇ ತಯಾರಿಸಿಕೊಳ್ಳುವ ಕೊಳ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ, ನಮ್ಮ ಕಣ್ಣೀರಿನಲ್ಲಿ ಸುಮಾರು 9 ಗ್ರಾಂ ಇರುತ್ತದೆ. ಮನೆಯ ಕೊಳಕ್ಕೆ ಬೇಕಾದುದು ಸಾಮಾನ್ಯವಾಗಿ 3ರಿಂದ 3.5 ಗ್ರಾಂ ಮಾತ್ರ. ಈ ತೆಳು ಉಪ್ಪುನೀರು ಫಿಲ್ಟರನ್ನು ದಾಟಿ ಬಂದು, ಯಂತ್ರದ ಭಾಗವಾದ, ಸೆಲ್ ಎಂದು ಕರೆಯುವ ಕೊಳವೆಯ ಮೂಲಕ ಹಾದುಹೋಗುತ್ತದೆ. ಅದರೊಳಗೆ ರುಥೇನಿಯಂ, ಇರಿಡಿಯಂ ಲೋಹಗಳ ಆಕ್ಸೈಡನ್ನು ಲೇಪಿಸಿದ ಟೈಟೇನಿಯಂ ಫಲಕಗಳು ಒಂದರ ಪಕ್ಕ ಒಂದು ನಿಂತಿರುತ್ತವೆ. ಅವುಗಳ ನಡುವೆ ನೇರ ವಿದ್ಯುತ್ ಹರಿದಾಗ ಒಂದು ಫಲಕದ ಬಳಿ ಕ್ಲೋರಿನ್ ಹುಟ್ಟಿ ನೀರಿನಲ್ಲಿ ಕರಗುತ್ತದೆ, ಎದುರಿನ ಫಲಕದ ಬಳಿ ಹೈಡ್ರೋಜನ್ ಗುಳ್ಳೆಗಳೂ ಕ್ಷಾರವೂ ಹುಟ್ಟುತ್ತವೆ. ಕ್ಲೋರಿನ್ ತನ್ನ ಕೆಲಸ ಮುಗಿಸಿ ಮತ್ತೆ ಉಪ್ಪಿನ ಅಂಶವಾದ ಕ್ಲೋರೈಡ್ ಆಗುವುದರಿಂದ ಉಪ್ಪು ಖರ್ಚಾಗಿ ಹೋಗುವುದಿಲ್ಲ. ನೀರು ಆವಿಯಾದರೂ ಉಪ್ಪು ಕೊಳದಲ್ಲಿಯೇ ಉಳಿಯುತ್ತದೆ. ಕೊಳ ತುಂಬಿ ಹೊರಗೆ ಹರಿದಾಗ, ಫಿಲ್ಟರನ್ನು ತೊಳೆಯಲು ನೀರನ್ನು ಹಿಮ್ಮುಖವಾಗಿ ಹಾಯಿಸಿ ಹೊರಬಿಡುವ ಬ್ಯಾಕ್‌ವಾಷ್ ಮಾಡಿದಾಗ, ಎಲ್ಲಿಯಾದರೂ ಸೋರಿಕೆ ಇದ್ದಾಗ, ಈಜಿದವರ ಮೈಮೇಲಿನ ನೀರಿನೊಂದಿಗೆ ಹೊರಬಂದಾಗ ಮಾತ್ರ ಅದು ಕಡಿಮೆಯಾಗುತ್ತದೆ. ಹೀಗಿರುವಾಗ ಯಂತ್ರವು ವಾರಕ್ಕೊಮ್ಮೆ ಉಪ್ಪು ಬೇಡಿದರೆ, ಬೇಡುತ್ತಿರುವುದು ಬೇರೇನನ್ನೋ ಎಂಬ ಅನುಮಾನ ನಮಗೆ ಮೊದಲೇ ಬರಬೇಕು.

ಈ ಪತ್ರದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದುದು ಇಷ್ಟು: ಮನೆಗಳಲ್ಲಿ ಕೂರಿಸುವ ಬಹುಪಾಲು ಯಂತ್ರಗಳು ಉಪ್ಪನ್ನು ನೇರವಾಗಿ ಅಳೆಯುವುದಿಲ್ಲ. ಫಲಕಗಳ ನಡುವೆ ಇಂತಿಷ್ಟು ವೋಲ್ಟೇಜಿಗೆ ಎಷ್ಟು ಆಂಪಿಯರ್ ಹರಿಯಿತು ಎಂಬುದನ್ನು ಅಳೆದು, ನೀರಿನ ಉಷ್ಣತೆಯನ್ನು ಸೇರಿಸಿ ಲೆಕ್ಕ ಹಾಕಿ, ಉಪ್ಪು ಇಷ್ಟಿರಬೇಕೆಂದು ಅವು ಊಹಿಸುತ್ತವೆ. ಪ್ರತ್ಯೇಕ ಸಂವೇದಕವುಳ್ಳ ಯಂತ್ರಗಳೂ ನೀರಿನ ವಿದ್ಯುತ್ ವಾಹಕತೆಯನ್ನೇ ನೋಡುತ್ತವೆ. ಹಾಗಾದರೆ ಕರೆಂಟು ಕಡಿಮೆ ಹರಿಯಲು ಕಾರಣ ಉಪ್ಪಿನ ಕೊರತೆಯೊಂದೇ ಅಲ್ಲ. ಫಲಕಗಳ ಮೇಲೆ ಸುಣ್ಣ ಕಟ್ಟಿರಬಹುದು, ಲೇಪ ಸವೆದಿರಬಹುದು, ಸೆಲ್‌ನ ಪ್ಲಗ್ಗಿನಲ್ಲಿ ಕಿಲುಬು ಹಿಡಿದಿರಬಹುದು, ನೀರು ತಣ್ಣಗಾಗಿರಬಹುದು, ಉಷ್ಣತೆಯ ಸಂವೇದಕವೇ ಸುಳ್ಳು ಹೇಳುತ್ತಿರಬಹುದು. ನೀರಿನ ಉಷ್ಣತೆ ಒಂದು ಡಿಗ್ರಿ ಇಳಿದರೆ ವಾಹಕತೆ ಸುಮಾರು ಶೇ 2ರಷ್ಟು ಇಳಿಯುತ್ತದೆ. ಈ ಎಲ್ಲ ಕಾರಣಗಳಿಗೂ ಯಂತ್ರದ ಮುಖದಲ್ಲಿ ಬೆಳಗುವುದು ಅದೇ ಒಂದು ದೀಪ, ಅದರ ಕೆಳಗೆ ಬರೆದಿರುವುದು ಅದೇ ‘ಉಪ್ಪು ಕಡಿಮೆ’.

ನನ್ನ ಪತ್ನಿಯ ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ, ನೀರಿನಲ್ಲಿ ನಿಂತು ವ್ಯಾಯಾಮ ಮಾಡಬೇಕೆಂದು ವೈದ್ಯರು ಹೇಳಿದ್ದರಿಂದ, ಬೆಂಗಳೂರಿನ ಹೊರವಲಯದಲ್ಲಿರುವ ನಮ್ಮ ಮನೆಯ ಹಿಂದೆ ಸಣ್ಣ ಕೊಳವೊಂದನ್ನು ಕಟ್ಟಿಸಿದೆವು. ಉದ್ದ 8 ಮೀಟರ್, ಅಗಲ 4 ಮೀಟರ್, ಸರಾಸರಿ ಆಳ 1.25 ಮೀಟರ್; ಅಂದರೆ 40,000 ಲೀಟರ್. ಯಂತ್ರ ಕೂರಿಸಿ ಎರಡು ವರ್ಷ ದಾಟಿದ ಮೇಲೆ, ಮಳೆಗಾಲದ ಒಂದು ಬೆಳಿಗ್ಗೆ ಕೆಂಪು ದೀಪ ಹತ್ತಿತು. ಮಳೆಗೆ ಕೊಳ ತುಂಬಿ ಹರಿದಿದ್ದರಿಂದ ಉಪ್ಪು ಕಡಿಮೆಯಾಗಿರುವುದು ಸಹಜವೆಂದು ನನಗೂ ಅನಿಸಿತು. ಯಂತ್ರ ಮಾರಿದವರಿಗೆ ಫೋನ್ ಮಾಡಿದಾಗ, 25 ಕಿಲೋದ ಒಂದು ಚೀಲ ಉಪ್ಪು ಹಾಕಿ ಎಂದರು. ಹಾಕಿದೆ. ದೀಪ ಆರಲಿಲ್ಲ. ಮರುವಾರ ಇನ್ನೊಂದು ಚೀಲ ಹಾಕಿ ಎಂದರು. ಅದನ್ನೂ ಹಾಕಿದೆ. ಆಗಲೂ ದೀಪ ಆರದಿದ್ದಾಗ ಮನೆಗೆ ಬಂದ ಮೆಕ್ಯಾನಿಕ್ಕು, ಯಾವ ಉಪಕರಣವನ್ನೂ ಚೀಲದಿಂದ ಹೊರತೆಗೆಯದೆ, ಸೆಲ್ ಸತ್ತಿದೆ, ಹೊಸದು ಹಾಕಬೇಕು ಎಂದು ಹೇಳಿ ಬೆಲೆಯನ್ನೂ ತಿಳಿಸಿದರು. ಅದು ಇಡೀ ಯಂತ್ರದ ಬೆಲೆಯ ಅರ್ಧಕ್ಕಿಂತ ಹೆಚ್ಚಾಗಿತ್ತು. ಆ ಯುವಕನನ್ನು ನಾನು ದೂರುವುದಿಲ್ಲ; ಅವರಿಗೆ ಕಲಿಸಿದವರು ಅಷ್ಟನ್ನೇ ಕಲಿಸಿದ್ದರು.

ನನಗೆ ಸಂಶಯ ಬಂದದ್ದು ಒಂದು ಸಣ್ಣ ಲೆಕ್ಕದಿಂದ. ಇಂಥ ಸೆಲ್‌ಗಳ ಆಯುಷ್ಯವನ್ನು ಸಾಮಾನ್ಯವಾಗಿ 8,000ದಿಂದ 10,000 ಗಂಟೆಗಳೆಂದು ಹೇಳುತ್ತಾರೆ. ನಮ್ಮ ಯಂತ್ರ ಗಂಟೆಗೆ 20 ಗ್ರಾಂ ಕ್ಲೋರಿನ್ ತಯಾರಿಸುವಂಥದು. ನಾವು ಅದನ್ನು ದಿನಕ್ಕೆ ಆರು ಗಂಟೆ ನಡೆಸುತ್ತಿದ್ದೆವು. ವರ್ಷಕ್ಕೆ 2,190 ಗಂಟೆಯಾದರೆ ಎರಡು ವರ್ಷಕ್ಕೆ ಸುಮಾರು 4,400. ಅರ್ಧ ಆಯುಷ್ಯಕ್ಕೇ ಸಾಯಲು ಬೇರೆ ಕಾರಣ ಇರಬೇಕಿತ್ತು. ನನ್ನೊಂದಿಗೆ ಕೆಲಸ ಮಾಡಿದ ರಸಾಯನಶಾಸ್ತ್ರದ ಬೋಧಕರೊಬ್ಬರ ಬಳಿಗೆ ಕೊಳದ ನೀರನ್ನು ಬಾಟಲಿಯಲ್ಲಿ ಒಯ್ದೆ. ಅವರು ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಹಳದಿ ಬಣ್ಣ ಇಟ್ಟಿಗೆಯ ಕೆಂಪಿಗೆ ತಿರುಗುವ ಹಂತವನ್ನು ನೋಡಿ, ಲೀಟರಿಗೆ 4,550 ಮಿಲಿಗ್ರಾಂ ಉಪ್ಪಿದೆ ಎಂದರು. 40,000 ಲೀಟರಿಗೆ 50 ಕಿಲೋ ಉಪ್ಪು ಸೇರಿದರೆ ಲೀಟರಿಗೆ 1,250 ಮಿಲಿಗ್ರಾಂ ಏರುತ್ತದೆ. ಕಳೆದು ನೋಡಿದರೆ, ಕೆಂಪು ದೀಪ ಮೊದಲು ಹತ್ತಿದ ದಿನ ಕೊಳದಲ್ಲಿ 3,300 ಇತ್ತು. ಅಂದರೆ ಒಂದು ಹಿಡಿ ಉಪ್ಪೂ ಬೇಕಿರಲಿಲ್ಲ. ಸಿಲ್ವರ್ ನೈಟ್ರೇಟಿನ ಈ ಹನಿ ಪರೀಕ್ಷೆಯ ಪೆಟ್ಟಿಗೆಗಳು ಈಗ ಈಜುಕೊಳದ ಸಾಮಾನು ಮಾರುವವರ ಬಳಿ ಸಿಗುತ್ತವೆ. ಅಡುಗೆಮನೆಯ ಆರ್‌ಓ ನೀರಿಗೆ ಹಿಡಿಯುವ ಟಿಡಿಎಸ್ ಪೆನ್ನನ್ನು ಇದಕ್ಕೆ ಬಳಸುವವರಿದ್ದಾರೆ. ಆದರೆ ಅದು ನೀರಿನ ಗಡಸುತನವನ್ನೂ ಉಪ್ಪಿನೊಂದಿಗೆ ಸೇರಿಸಿ ತೋರಿಸುವುದರಿಂದ, ಕೊಳವೆಬಾವಿಯ ನೀರು ಬಳಸುವ ನಮ್ಮಂಥವರಿಗೆ ಅದರ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ.

ಸೆಲ್ಲನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ಕಾರಣ ಕಣ್ಣೆದುರಿಗೇ ಇತ್ತು. ಕಪ್ಪಾಗಿ ಕಾಣಬೇಕಾದ ಫಲಕಗಳು ಬೆಳ್ಳಗಾಗಿದ್ದವು. ಅವುಗಳ ನಡುವಿನ ಸಂದಿಗಳು, ಬಿಸಿನೀರಿನ ಗೀಸರಿನ ಕಾಯಿಲ್‌ಗೆ ಕಟ್ಟುವಂಥದೇ ಸುಣ್ಣದಿಂದ ಅರ್ಧ ಮುಚ್ಚಿದ್ದವು. ಬೆಂಗಳೂರಿನ ಹಲವು ಭಾಗಗಳ, ಕೋಲಾರ, ತುಮಕೂರು ಕಡೆಯ ಕೊಳವೆಬಾವಿಗಳ ನೀರು ಎಷ್ಟು ಗಡಸೆಂಬುದು ಸ್ನಾನದ ಮನೆಯ ನಲ್ಲಿಗಳನ್ನು ನೋಡಿದವರಿಗೆಲ್ಲ ಗೊತ್ತು. ಅಂಥ ನೀರಿನ ಕ್ಯಾಲ್ಸಿಯಂ, ಕ್ಷಾರ ಹುಟ್ಟುವ ಫಲಕದ ಬಳಿಗೆ ಬಂದಾಗ ಕಾರ್ಬೊನೇಟಾಗಿ ಗಟ್ಟಿಗೊಂಡು ಅಲ್ಲಿಯೇ ಅಂಟುತ್ತದೆ. ಇದನ್ನು ತಡೆಯಲೆಂದೇ ಯಂತ್ರವು ಕೆಲವು ಗಂಟೆಗಳಿಗೊಮ್ಮೆ ಫಲಕಗಳ ಧನ, ಋಣಗಳನ್ನು ಅದಲು ಬದಲು ಮಾಡುತ್ತದೆ. ಆಗ ಕಟ್ಟಿದ ಪದರ ಕಳಚಿ, ಬಿಳಿಯ ಚೂರುಗಳಾಗಿ ಕೊಳಕ್ಕೆ ಬರುತ್ತದೆ. ನಮ್ಮ ಕೊಳದ ತಳದಲ್ಲಿ ಅಂಥ ಚೂರುಗಳನ್ನು ತಿಂಗಳುಗಳಿಂದ ಕಂಡಿದ್ದರೂ, ಅವು ಗೋಡೆಯ ಸುಣ್ಣವೆಂದು ತಿಳಿದು ಗುಡಿಸಿ ಹಾಕಿದ್ದೆವು. ಯಂತ್ರ ನಮಗೆ ಕೊಟ್ಟ ಮೊದಲ ಸೂಚನೆ ಕೆಂಪು ದೀಪವಲ್ಲ, ಆ ಚೂರುಗಳು. ನೀರಿನ ಆಮ್ಲ-ಕ್ಷಾರಗುಣದ ಅಳತೆಯಾದ ಪಿಎಚ್ 8.2ಕ್ಕೆ ಏರಿದ್ದನ್ನೂ ನಾವು ಗಮನಿಸಿರಲಿಲ್ಲ; ಪಿಎಚ್ ಏರಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ.

ಇದನ್ನು ತೊಳೆಯುವ ಕ್ರಮವನ್ನು ಎಚ್ಚರಿಕೆಯಿಂದ ಹೇಳಬೇಕಾಗಿದೆ, ಏಕೆಂದರೆ ಸೆಲ್ ಹಾಳಾಗುವುದೂ ಮನುಷ್ಯರಿಗೆ ಅಪಾಯವಾಗುವುದೂ ಈ ಹಂತದಲ್ಲಿಯೇ. ಮೊದಲು ಪಂಪಿನ ಮತ್ತು ಯಂತ್ರದ ವಿದ್ಯುತ್ತನ್ನು ಮೇನ್‌ನಲ್ಲಿಯೇ ಆರಿಸಿ, ವಾಲ್ವುಗಳನ್ನು ಮುಚ್ಚಿ, ಸೆಲ್ಲನ್ನು ಬಿಚ್ಚಬೇಕು. ತೋಟಕ್ಕೆ ನೀರು ಹಾಯಿಸುವ ಪೈಪಿನ ಜೋರಾದ ಧಾರೆಯಿಂದಲೇ ಎಷ್ಟು ಹೋಗುತ್ತದೋ ಅಷ್ಟನ್ನು ಹೋಗಿಸಿ, ಉಳಿದುದನ್ನು ಮರದ ಅಥವಾ ಪ್ಲಾಸ್ಟಿಕ್ಕಿನ ತೆಳುಕಡ್ಡಿಯಿಂದ ಮೆಲ್ಲನೆ ಬಿಡಿಸಬೇಕು. ಚಾಕು, ಸ್ಕ್ರೂಡ್ರೈವರ್, ತಂತಿಯ ಬ್ರಷ್ ಯಾವುದನ್ನೂ ಮುಟ್ಟಿಸಕೂಡದು. ಕೂದಲೆಳೆಗಿಂತ ತೆಳುವಾದ ಆ ಲೇಪವೇ ಸೆಲ್‌ನ ಜೀವ, ಅದು ಕೆರೆದುಹೋದರೆ ಉಳಿಯುವುದು ಬರಿಯ ಟೈಟೇನಿಯಂ. ಇಷ್ಟಕ್ಕೂ ಹೋಗದಿದ್ದರೆ ಮಾತ್ರ ಆಮ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಆಸಿಡ್ ಎಂದೇ ಕೊಡುವ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಪಾಲನ್ನು ನಾಲ್ಕು ಪಾಲು ನೀರಿಗೆ ಬೆರೆಸಬೇಕು. ಯಾವಾಗಲೂ ನೀರಿಗೆ ಆಮ್ಲವನ್ನು ಸುರಿಯಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ಕೈಗವಸು, ಕನ್ನಡಕ ಹಾಕಿಕೊಂಡು, ಬಯಲಿನಲ್ಲಿ, ಗಾಳಿ ಬೆನ್ನಿಗೆ ಬೀಸುವಂತೆ ನಿಂತು ಮಾಡಬೇಕು. ಸೆಲ್‌ನ ಒಂದು ತುದಿಯನ್ನು ಮುಚ್ಚಿ, ಫಲಕಗಳು ಮುಳುಗುವಷ್ಟು ದ್ರಾವಣವನ್ನು ತುಂಬಿದಾಗ ನೊರೆ ಉಕ್ಕುತ್ತದೆ. ನೊರೆ ನಿಂತಿತೆಂದರೆ ಸುಣ್ಣ ಕರಗಿತೆಂದರ್ಥ. ಹತ್ತು ಹದಿನೈದು ನಿಮಿಷ ಸಾಕು, ಅರ್ಧ ಗಂಟೆ ದಾಟಿಸಬಾರದು. ಪ್ರತಿಸಲದ ಆಮ್ಲ ಸ್ನಾನವೂ ಲೇಪವನ್ನು ಒಂದಿಷ್ಟು ತಿನ್ನುತ್ತದೆ, ಆದ್ದರಿಂದ ಕ್ಯಾಲೆಂಡರ್ ನೋಡಿ ತಿಂಗಳಿಗೊಮ್ಮೆ ತೊಳೆಯುವ ಪದ್ಧತಿ ತಪ್ಪು. ಬಿಚ್ಚಿ ನೋಡಿ, ಸುಣ್ಣ ಕಂಡರೆ ಮಾತ್ರ ತೊಳೆಯಬೇಕು. ಆ ಆಮ್ಲದ ಬಕೆಟ್ಟಿನ ಹತ್ತಿರ ಬ್ಲೀಚಿಂಗ್ ಪೌಡರಾಗಲಿ, ದ್ರವ ಕ್ಲೋರಿನ್ ಎಂದು ಮಾರುವ ಹೈಪೋಕ್ಲೋರೈಟ್ ಕ್ಯಾನಾಗಲಿ ಇರಲೇಬಾರದು. ಇವುಗಳಲ್ಲಿ ಯಾವುದೇ ಆಮ್ಲದೊಂದಿಗೆ ಕೂಡಿದರೆ ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ.

ನಮ್ಮ ಸೆಲ್ ಹದಿನೈದು ನಿಮಿಷದಲ್ಲಿ ಮತ್ತೆ ಕಪ್ಪಾಯಿತು. ಪೈಪಿಗೆ ಕೂರಿಸಿ ಯಂತ್ರ ಹಚ್ಚಿದಾಗ ‘ಉಪ್ಪು ಕಡಿಮೆ’ ದೀಪ ಹತ್ತಲಿಲ್ಲ. ಬದಲಿಗೆ ಯಂತ್ರವು ಉಪ್ಪು ಹೆಚ್ಚಾಗಿದೆ, ಕರೆಂಟು ಮಿತಿ ಮೀರಿದೆ ಎಂದು ತಾನಾಗಿ ನಿಂತಿತು. ಈಗ ಅದು ಹೇಳಿದ್ದು ನಿಜ. ನೀರಿಗೆ ಬಿದ್ದ ಉಪ್ಪನ್ನು ಹೊರತೆಗೆಯಲು ಮನೆಯಲ್ಲಿ ಇರುವ ದಾರಿ ಒಂದೇ, ನೀರನ್ನು ಹೊರಗೆ ಬಿಟ್ಟು ಹೊಸನೀರು ತುಂಬುವುದು. 4,550ರಿಂದ 3,400ಕ್ಕೆ ಇಳಿಸಲು ಕೊಳದ ಕಾಲುಭಾಗ, ಅಂದರೆ ಸುಮಾರು 10,000 ಲೀಟರ್ ನೀರನ್ನು ಬದಲಿಸಬೇಕಾಯಿತು. 2024ರ ಮಾರ್ಚ್‌ನಲ್ಲಿ, ನೀರಿಗೆ ಹಾಹಾಕಾರವಿದ್ದಾಗ, ಬೆಂಗಳೂರು ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸುವುದಾಗಿ ಹೇಳಿದ್ದನ್ನು ಓದುಗರು ಮರೆತಿರಲಾರರು. ಅಂಥ ಊರಿನಲ್ಲಿ, ಒಂದು ದೀಪವನ್ನು ತಪ್ಪಾಗಿ ಓದಿದ್ದಕ್ಕೆ ಒಂದು ದೊಡ್ಡ ಟ್ಯಾಂಕರಿನಷ್ಟು ನೀರನ್ನು ಚೆಲ್ಲಿದೆನೆಂಬುದು ನನ್ನನ್ನು ಇಂದಿಗೂ ಬಾಧಿಸುತ್ತದೆ. ಚೆಲ್ಲಿದ ನೀರಿನ ಒಂದು ಪಾಲು ತೋಟದ ಕಡೆಗೆ ಹರಿದು, ನನ್ನ ಪತ್ನಿ ಹನ್ನೊಂದು ವರ್ಷ ಸಾಕಿದ್ದ ಮಲ್ಲಿಗೆ ಬಳ್ಳಿ ಎರಡು ವಾರದಲ್ಲಿ ಒಣಗಿತು. ಲೀಟರಿಗೆ ನಾಲ್ಕೂವರೆ ಗ್ರಾಂ ಉಪ್ಪೆಂಬುದು ಬಾಯಿಗೆ ಅಷ್ಟೇನೂ ಅಲ್ಲ, ಬೇರಿಗೆ ಮಾತ್ರ ವಿಷ. ಇದೇ ನೀರು ಮಳೆನೀರಿನ ಚರಂಡಿಗೆ ಬಿದ್ದರೆ ಕೆರೆಗೆ ಹೋಗುತ್ತದೆ, ಇಂಗುಗುಂಡಿಗೆ ಬಿದ್ದರೆ ಅಕ್ಕಪಕ್ಕದವರ ಕೊಳವೆಬಾವಿಗೆ ಹೋಗುತ್ತದೆ. ಆದ್ದರಿಂದಲೇ ಇದು ಕೊಳವಿರುವ ಕೆಲವೇ ಮನೆಗಳ ಖಾಸಗಿ ವಿಷಯವಲ್ಲವೆಂದು ಭಾವಿಸಿ ಪತ್ರಿಕೆಗೆ ಬರೆಯುತ್ತಿದ್ದೇನೆ.

ಉಪ್ಪಿನ ಬಗೆಗೂ ಒಂದು ಮಾತು. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪನ್ನು ನಮ್ಮ ಮನೆಯಲ್ಲಿ ಉಪ್ಪಿನಕಾಯಿಗೆ ಬಿಟ್ಟೂ ಬಿಡದೆ ಬಳಸುತ್ತೇವೆ. ಅದರ ರುಚಿಗೆ ಕಾರಣವಾದ ಮೆಗ್ನೀಸಿಯಂ, ಕ್ಯಾಲ್ಸಿಯಂಗಳೇ ಸೆಲ್‌ಗೆ ಸುಣ್ಣ ಕಟ್ಟುವ ಸಾಮಗ್ರಿ. ತೊಳೆಯದ ಕಲ್ಲುಪ್ಪನ್ನೂ, ಗಂಟು ಕಟ್ಟದಂತೆ ಪುಡಿ ಬೆರೆಸಿದ ಅಯೋಡಿನ್‌ಯುಕ್ತ ಉಪ್ಪನ್ನೂ ಕೊಳಕ್ಕೆ ಹಾಕಬಾರದು. ಶೇ 99ಕ್ಕಿಂತ ಹೆಚ್ಚು ಶುದ್ಧವಾದ, ಏನನ್ನೂ ಬೆರೆಸದ ಉಪ್ಪು ಬೇಕು. ಹಾಕುವಾಗ ಸೆಲ್ಲನ್ನು ಆರಿಸಿ, ಪಂಪನ್ನು ಒಂದು ದಿನ ಪೂರ್ತಿ ನಡೆಸಿ, ತಳದಲ್ಲಿ ಗುಡ್ಡೆ ಬೀಳದಂತೆ ಬ್ರಷ್ಷಿನಿಂದ ಕದಡಿ, ಪೂರ್ತಿ ಕರಗಿದ ಮೇಲೆಯೇ ಅಳೆಯಬೇಕು.

ಎರಡನೆಯ ಸಾಮಾನ್ಯ ತೊಂದರೆ ನೀರಿನ ಹರಿವಿನದು. ಹರಿವು ಸಾಲದಿದ್ದರೆ ಯಂತ್ರ ನಿಲ್ಲುತ್ತದೆ, ನಿಲ್ಲಲೇಬೇಕು. ಪಂಪಿನ ಬುಟ್ಟಿಯಲ್ಲಿ ಎಲೆ ತುಂಬಿದ್ದರೆ, ಮರಳಿನ ಫಿಲ್ಟರಿನ ಒತ್ತಡದ ಮುಳ್ಳು ಶುದ್ಧವಿದ್ದಾಗ ತೋರಿಸುತ್ತಿದ್ದುದಕ್ಕಿಂತ ಅರ್ಧ ಬಾರ್ ಮೇಲೇರಿದ್ದರೆ, ಪಂಪಿನ ಮುಚ್ಚಳದ ರಬ್ಬರು ಒಣಗಿ ಗಾಳಿ ಎಳೆಯುತ್ತಿದ್ದರೆ ಇಷ್ಟೇ ಕಾರಣ ಸಾಕು. ಇವನ್ನು ಸರಿಪಡಿಸಲು ಯಾವ ಮೆಕ್ಯಾನಿಕ್ಕೂ ಬೇಕಿಲ್ಲ. ಆದರೆ ಇವನ್ನು ನೋಡುವ ಬದಲು, ನೀರು ಹರಿಯುತ್ತಿದೆಯೇ ಎಂದು ಯಂತ್ರಕ್ಕೆ ತಿಳಿಸುವ ಫ್ಲೋ ಸ್ವಿಚ್ಚಿನ ಎರಡು ತಂತಿಗಳನ್ನು ಒಟ್ಟಿಗೆ ತಿರುಚಿ, ಹರಿವು ಇದೆಯೆಂದು ಯಂತ್ರವನ್ನು ನಂಬಿಸಿ ಹೋಗುವ ರಿಪೇರಿಯನ್ನು ನಾನು ಎರಡು ಕಡೆ ಕಣ್ಣಾರೆ ಕಂಡಿದ್ದೇನೆ. ಇದನ್ನು ಯಾರೂ ಎಂದೂ ಮಾಡಬಾರದು, ಮಾಡಲು ಬಿಡಬಾರದು. ಸೆಲ್‌ನಲ್ಲಿ ಕ್ಲೋರಿನ್ನಿನ ಜೊತೆಗೆ ಹೈಡ್ರೋಜನ್ನೂ ಹುಟ್ಟುತ್ತದೆಂದು ಮೊದಲೇ ಹೇಳಿದೆ. ನೀರು ಹರಿಯುತ್ತಿರುವವರೆಗೆ ಅದು ಗುಳ್ಳೆಯಾಗಿ ಕೊಳಕ್ಕೆ ಹೋಗಿ ಗಾಳಿಗೆ ಸೇರುತ್ತದೆ. ನೀರು ನಿಂತು ಕರೆಂಟು ಮಾತ್ರ ಹರಿಯುತ್ತಿದ್ದರೆ, ಮುಚ್ಚಿದ ಪೈಪಿನಲ್ಲಿ ಅದು ಕೂಡಿಕೊಳ್ಳುತ್ತದೆ. ಹೈಡ್ರೋಜನ್ ತುಂಬಿದ ಪೈಪು ಸಿಡಿಯಲು ಒಂದು ಕಿಡಿ ಸಾಕು. ಆ ಸಣ್ಣ ಸ್ವಿಚ್ಚು ಇರುವುದು ಯಂತ್ರವನ್ನು ಕಾಡಲಿಕ್ಕಲ್ಲ, ಪಕ್ಕದಲ್ಲಿ ನಿಂತವರನ್ನು ಕಾಯಲಿಕ್ಕೆ. ಅದೇ ಕೆಟ್ಟಿದ್ದರೆ ಹೊಸದನ್ನು ಹಾಕಬೇಕು, ಅದು ಬರುವವರೆಗೆ ಸೆಲ್ ಆರಿರಬೇಕು.

ಎಲ್ಲ ದೀಪಗಳೂ ಹಸಿರಾಗಿದ್ದು, ಪರೀಕ್ಷೆಯಲ್ಲಿ ಮಾತ್ರ ಕ್ಲೋರಿನ್ ಕಾಣದ ಸಂದರ್ಭವೂ ಉಂಟು, ಜನರು ಹೆಚ್ಚು ಗೊಂದಲಗೊಳ್ಳುವುದು ಇಲ್ಲಿಯೇ. ಆಗ ಮೊದಲು ಕೊಳಕ್ಕೆ ನೀರು ಮರಳಿ ಬರುವ ಬಾಯಿಯ ಬಳಿಯ ನೀರನ್ನೂ, ಕೊಳದ ನಡುವಿನ ನೀರನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಬಾಯಿಯ ಬಳಿ ಕ್ಲೋರಿನ್ ಹೆಚ್ಚಿದ್ದರೆ ಸೆಲ್ ದುಡಿಯುತ್ತಿದೆ, ಅದು ದುಡಿದದ್ದು ಬೇರೆಲ್ಲೋ ಖರ್ಚಾಗುತ್ತಿದೆ. ಅದರ ಅತಿ ದೊಡ್ಡ ಖರ್ಚು ಬಿಸಿಲು. ಸ್ಟೆಬಿಲೈಸರ್ ಎಂದು ಮಾರುವ ಸಯನ್ಯೂರಿಕ್ ಆಮ್ಲ ಇಲ್ಲದ ನೀರಿನಲ್ಲಿ, ನಡುಹಗಲಿನ ಬಿಸಿಲು ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ನನ್ನು ನಾಶಮಾಡುತ್ತದೆ. ಉಪ್ಪುನೀರಿನ ಕೊಳಗಳಲ್ಲಿ ಈ ಸ್ಟೆಬಿಲೈಸರ್ ಲೀಟರಿಗೆ 60ರಿಂದ 80 ಮಿಲಿಗ್ರಾಂ ಇರಬೇಕೆಂದು ಹೇಳುತ್ತಾರೆ. ಹಾಗೆಂದು ಯಂತ್ರ ಕೆಟ್ಟಾಗಲೆಲ್ಲ ಕ್ಲೋರಿನ್ ಬಿಡುವ ಟ್ರೈಕ್ಲೋರ್ ಮಾತ್ರೆಗಳನ್ನು ತೇಲಿಬಿಡುವುದೂ ಸರಿಯಲ್ಲ, ಪ್ರತಿ ಮಾತ್ರೆಯೂ ಸಯನ್ಯೂರಿಕ್ ಆಮ್ಲವನ್ನು ಸೇರಿಸುತ್ತ ಹೋಗಿ, ಅದು ಅತಿಯಾದಾಗ ಕ್ಲೋರಿನ್ ಇದ್ದೂ ಕೆಲಸ ಮಾಡದಂತಾಗುತ್ತದೆ. ಪಿಎಚ್ಚಿನ ಪಾತ್ರವೂ ಇಷ್ಟೇ ದೊಡ್ಡದು. ಪಿಎಚ್ 7.5 ಇದ್ದಾಗ ಕ್ಲೋರಿನ್ನಿನ ಸುಮಾರು ಅರ್ಧಭಾಗ ರೋಗಾಣುಗಳನ್ನು ಚುರುಕಾಗಿ ಕೊಲ್ಲುವ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಅದು ಕಾಲುಭಾಗಕ್ಕೆ ಇಳಿಯುತ್ತದೆ. ಉಪ್ಪುನೀರಿನ ಕೊಳದ ಪಿಎಚ್ ತಾನಾಗಿಯೇ ಏರುತ್ತ ಹೋಗುವ ಸ್ವಭಾವದ್ದಾದ್ದರಿಂದ ವಾರಕ್ಕೆ ಎರಡು ಬಾರಿಯಾದರೂ ಅದನ್ನು ನೋಡಲೇಬೇಕು. ಇನ್ನು ಕೊಳ ಪಾಚಿಗಟ್ಟಿ ಹಸಿರಾದ ಮೇಲೆ ಯಂತ್ರವನ್ನು ಹಗಲಿರುಳು ನಡೆಸಿ ಕಾಯುವುದು ವ್ಯರ್ಥ. ನಮ್ಮ ಯಂತ್ರ ಹತ್ತು ಗಂಟೆ ದುಡಿದರೆ 200 ಗ್ರಾಂ ಕ್ಲೋರಿನ್ ಕೊಡುತ್ತದೆ, ಅದು 40,000 ಲೀಟರಿನಲ್ಲಿ ಹರಡಿದರೆ ಲೀಟರಿಗೆ 5 ಮಿಲಿಗ್ರಾಂ ಆಯಿತು. ಪಾಚಿ ಅದನ್ನು ಹುಟ್ಟಿದಷ್ಟು ಬೇಗ ತಿಂದುಬಿಡುತ್ತದೆ. ಅಂಥ ಹೊತ್ತಿನಲ್ಲಿ ಶೇ 10ರ ದ್ರವ ಹೈಪೋಕ್ಲೋರೈಟನ್ನು ನಾಲ್ಕು ಲೀಟರಿನಷ್ಟು ಹಾಕಿದರೆ ಒಂದೇ ಸಲಕ್ಕೆ ಇದರ ಎರಡರಷ್ಟು ಸಿಗುತ್ತದೆ. ಕೊಳವನ್ನು ಒಳ್ಳೆಯ ಸ್ಥಿತಿಯಲ್ಲಿ ಉಳಿಸಿಕೊಳ್ಳಲು ಯಂತ್ರ, ಕೆಟ್ಟ ಸ್ಥಿತಿಯಿಂದ ಎತ್ತಲು ಅಲ್ಲ.

ಎಲೆಕ್ಟ್ರಾನಿಕ್ಸಿನ ತೊಂದರೆ ನಮ್ಮ ಮನೆಗೆ ಬಂದದ್ದು ಆರು ತಿಂಗಳ ನಂತರ. ಯಂತ್ರದ ಮುಖದ ದೀಪಗಳೆಲ್ಲ ಒಮ್ಮೆಗೇ ಆರಿದವು. ಈ ಸಲ ನೇರವಾಗಿ ಹೊಸ ಕಂಟ್ರೋಲ್ ಬೋರ್ಡಿನ ಬೆಲೆಯನ್ನೇ ಫೋನಿನಲ್ಲಿ ಹೇಳಲಾಯಿತು. ನಾನು ಮೇನ್ ಆರಿಸಿ, ಕೆಪಾಸಿಟರುಗಳಲ್ಲಿ ಉಳಿದಿರುವ ವಿದ್ಯುತ್ತು ಇಳಿಯಲು ಸಮಯ ಕೊಟ್ಟು, ಪೆಟ್ಟಿಗೆಯನ್ನು ತೆರೆದೆ. ಇಂಥ ಪೆಟ್ಟಿಗೆಯೊಳಗೆ ನಡೆಯುವುದು ಸರಳವಾದ ಸಂಗತಿ: 230 ವೋಲ್ಟಿನ ವಿದ್ಯುತ್ತು ಟ್ರಾನ್ಸ್‌ಫಾರ್ಮರಿನಲ್ಲಿ ಇಳಿದು, ರೆಕ್ಟಿಫೈಯರಿನಲ್ಲಿ ನೇರ ವಿದ್ಯುತ್ತಾಗಿ, ರಿಲೇಗಳ ಮೂಲಕ ಸೆಲ್‌ಗೆ ಹೋಗುತ್ತದೆ. ಕೆಟ್ಟದ್ದು ಎಲ್ಲಿ ಎಂದು ತಿಳಿಯಲು ಈ ದಾರಿಯಲ್ಲಿ ಮಲ್ಟಿಮೀಟರ್ ಹಿಡಿದು ಒಂದೊಂದೇ ಹೆಜ್ಜೆ ಮುಂದೆ ಹೋದರೆ ಸಾಕು. ಫ್ಯೂಸು ಸರಿಯಿತ್ತು. ಮೇನ್ ಮತ್ತೆ ಹಚ್ಚಿ ಎಚ್ಚರದಿಂದ ಅಳೆದಾಗ ಟ್ರಾನ್ಸ್‌ಫಾರ್ಮರಿನ ಹೊರಗೆ ವೋಲ್ಟೇಜು ಬರುತ್ತಿತ್ತು. ರೆಕ್ಟಿಫೈಯರಿನ ನಂತರ ಏನೂ ಇರಲಿಲ್ಲ. ಇವೆರಡರ ನಡುವೆ, ಹಚ್ಚಿದ ಕ್ಷಣದಲ್ಲಿ ಕರೆಂಟು ಒಮ್ಮೆಲೇ ನುಗ್ಗದಂತೆ ತಡೆಯುವ ಥರ್ಮಿಸ್ಟರ್ ಎಂಬ ಬಿಲ್ಲೆಯಂಥ ಭಾಗವಿದೆ. ಅದು ತಣ್ಣಗಿದ್ದಾಗ ಕರೆಂಟಿಗೆ ಅಡ್ಡಿ ಮಾಡಿ, ಬಿಸಿಯಾದಂತೆ ದಾರಿ ಬಿಡುವಂಥದು. ದಿನವೂ ಬಿಸಿಯಾಗಿ ತಣ್ಣಗಾಗಿ ಕೊನೆಗೊಂದು ದಿನ ಬಿರಿಯುತ್ತದೆ. ಮತ್ತೆ ಮೇನ್ ಆರಿಸಿ ನೋಡಿದಾಗ ನಮ್ಮದು ಕರ್ರಗಾಗಿ, ಮುಟ್ಟಿದರೆ ಪುಡಿಯಾಗುವಂತಿತ್ತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಅದೇ ಓಮ್, ಅದೇ ಆಂಪಿಯರಿನ ಭಾಗ ಸಿಕ್ಕಿತು, ಅದರ ಬೆಲೆ ಹೋಟೆಲಿನ ಎರಡು ಊಟದ ಬೆಲೆಯನ್ನೂ ಮೀರಲಿಲ್ಲ. ಸುತ್ತ ಗಾಳಿಯಾಡುವಂತೆ ಬೋರ್ಡಿನಿಂದ ತುಸು ಮೇಲಕ್ಕೆ ನಿಲ್ಲಿಸಿ ಬೆಸುಗೆ ಹಾಕಿದೆ. ಯಂತ್ರ ಇಂದಿಗೂ ನಡೆಯುತ್ತಿದೆ. ಅದೇ ಪೆಟ್ಟಿಗೆಯ ಮೂಲೆಯಲ್ಲಿ ಇರುವೆಗಳು ಗೂಡು ಕಟ್ಟಲು ಆರಂಭಿಸಿದ್ದನ್ನೂ, ಸೆಲ್‌ನ ಪ್ಲಗ್ಗಿನ ಒಂದು ಕಡ್ಡಿ ಕಿಲುಬುಗಟ್ಟಿ ಹಸಿರಾಗಿದ್ದನ್ನೂ ಕಂಡು ಶುಚಿಮಾಡಿದೆ. ವೈರು ಒಳಬರುವ ರಂಧ್ರಗಳನ್ನು ಮುಚ್ಚದಿದ್ದರೆ ನಮ್ಮ ಕಡೆ ಇರುವೆ, ಹಲ್ಲಿಗಳು ರಿಲೇಗಳವರೆಗೂ ಹೋಗುತ್ತವೆ. ಬೆಸುಗೆಯ ಕೆಲಸ ತಿಳಿಯದವರು ಇದನ್ನು ತಾವೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಪ್ರತಿ ಊರಿನಲ್ಲಿಯೂ ಟಿವಿ, ಇನ್ವರ್ಟರ್, ಯುಪಿಎಸ್ ರಿಪೇರಿ ಮಾಡುವ ಒಬ್ಬರಾದರೂ ಇದ್ದಾರೆ, ಅವರಿಗೆ ಈ ಬೋರ್ಡು ಹೊಸತಲ್ಲ. ಒಂದನ್ನಂತೂ ಎಲ್ಲರೂ ಮಾಡಿಸಿಕೊಳ್ಳಬೇಕು: ಈ ಯಂತ್ರಕ್ಕೂ ಪಂಪಿಗೂ ಹೋಗುವ ಲೈನಿಗೆ ವಿದ್ಯುತ್ ಸೋರಿದ ಕೂಡಲೇ ಲೈನನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಮತ್ತು ಸರಿಯಾದ ಅರ್ಥಿಂಗ್. ಉಪ್ಪುನೀರಿನಲ್ಲಿ ನಿಂತ ಒದ್ದೆ ಮೈಗೆ ತಗಲುವ ಶಾಕು ಎರಡನೆಯ ಅವಕಾಶ ಕೊಡುವುದಿಲ್ಲ.

ಸೆಲ್ ನಿಜವಾಗಿಯೂ ಮುಗಿಯುವ ದಿನವೂ ಬರುತ್ತದೆ. ಫಲಕಗಳು ಶುಚಿಯಾಗಿದ್ದು, ಬೇರೆ ಪರೀಕ್ಷೆಯಲ್ಲಿ ಉಪ್ಪು ಸರಿಯಾಗಿದ್ದು, ನೀರು ಬೆಚ್ಚಗಿದ್ದು, ಯಂತ್ರದಿಂದ ಪೂರ್ತಿ ವೋಲ್ಟೇಜು ಹೋಗುತ್ತಿದ್ದರೂ ಆಂಪಿಯರ್ ಏರದಿದ್ದರೆ ಆಗ ಲೇಪ ಸವೆದಿದೆಯೆಂದು ಒಪ್ಪಿ ಹೊಸ ಸೆಲ್ ಕೊಳ್ಳಬೇಕು. ಈ ನಾಲ್ಕನ್ನೂ ನೋಡದೆ ಸೆಲ್ ಹೋಯಿತೆಂದು ಹೇಳುವವರಿಗೆ ಹಣ ಕೊಡಬಾರದು. ಬಹಳಷ್ಟು ಯಂತ್ರಗಳಲ್ಲಿ ಗುಂಡಿಯೊಂದನ್ನು ಒತ್ತುತ್ತ ಹೋದರೆ ವೋಲ್ಟೇಜು, ಆಂಪಿಯರ್, ಉಷ್ಣತೆಗಳು ಒಂದಾದ ಮೇಲೊಂದು ಪರದೆಯ ಮೇಲೆ ಬರುತ್ತವೆ. ಯಂತ್ರ ಚೆನ್ನಾಗಿರುವಾಗಲೇ ಆ ಅಂಕೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ, ಕೆಟ್ಟ ದಿನ ಹೋಲಿಸಿ ನೋಡಲು ಅದಕ್ಕಿಂತ ದೊಡ್ಡ ಆಧಾರ ಬೇರಿಲ್ಲ.

ಕೊನೆಯದಾಗಿ, ಈ ಪತ್ರ ಬರೆಯಲು ನನ್ನನ್ನು ಹೆಚ್ಚು ಒತ್ತಾಯಿಸಿದ ಸಂಗತಿ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಹೋಂಸ್ಟೇಗಳಲ್ಲಿ, ಬೆಂಗಳೂರಿನ ಸುತ್ತಲಿನ ತೋಟದ ಮನೆಗಳಲ್ಲಿ ಇಂಥ ಕೊಳಗಳನ್ನು ನೋಡಿಕೊಳ್ಳುವವರು ಮಾಲೀಕರಲ್ಲ. ಅಲ್ಲಿ ತೋಟದ ಕೆಲಸ, ಕಾವಲು, ಕೊಳ ಮೂರನ್ನೂ ಒಟ್ಟಿಗೆ ಹೊತ್ತ ಕನ್ನಡ ಬಲ್ಲ ಕೆಲಸಗಾರರು. ಫ್ಲೋ ಸ್ವಿಚ್ಚಿನ ತಂತಿ ತಿರುಚಿದ್ದನ್ನು ನಾನು ಕಂಡ ಎರಡು ಜಾಗಗಳಲ್ಲಿ ಒಂದು ಇಂಥ ಹೋಂಸ್ಟೇ. ಅಲ್ಲಿ ಪಂಪಿನ ಕೋಣೆಯೊಳಗೆ ಆಸಿಡ್ ಕ್ಯಾನು, ಹೈಪೋಕ್ಲೋರೈಟ್ ಕ್ಯಾನು ಎರಡೂ ಒಂದೇ ಬಣ್ಣದವು, ಒಂದರ ಪಕ್ಕ ಒಂದು ಇದ್ದವು. ಕೆಲಸಗಾರರು ಅವನ್ನು ವಾಸನೆಯಿಂದ ಗುರುತಿಸುತ್ತಿದ್ದರು. ಯಂತ್ರದ ಕೈಪಿಡಿ ಇಂಗ್ಲಿಷಿನಲ್ಲಿತ್ತು, ಮಾಲೀಕರ ಬೀರುವಿನಲ್ಲಿತ್ತು. ಕರ್ನಾಟಕದಲ್ಲಿ ಈ ಯಂತ್ರಗಳನ್ನು ಮಾರುವವರೆಲ್ಲ, ದೀಪಗಳ ಅರ್ಥವನ್ನೂ, ಉಪ್ಪು ಹಾಕುವ ಮೊದಲು ಬೇರೆ ವಿಧಾನದಿಂದ ಅಳೆಯಬೇಕೆಂಬುದನ್ನೂ, ಆಮ್ಲ ಬೆರೆಸುವ ಕ್ರಮವನ್ನೂ, ಫ್ಲೋ ಸ್ವಿಚ್ಚನ್ನು ಮುಟ್ಟಬಾರದೆಂಬುದನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆಯನ್ನು ಯಂತ್ರದ ಪಕ್ಕದಲ್ಲಿಯೇ ಗೋಡೆಗೆ ಅಂಟಿಸಿ ಹೋಗಬೇಕು. ಸೆಲ್‌ಗಳನ್ನು ಮಾತ್ರವಲ್ಲದೆ ಫ್ಲೋ ಸ್ವಿಚ್ಚು, ಪ್ಲಗ್ಗು, ರಬ್ಬರ್ ರಿಂಗುಗಳನ್ನೂ ಬಿಡಿಯಾಗಿ ಮಾರಬೇಕು. ಅವರು ಅದನ್ನು ಮಾಡುವವರೆಗೆ ಮಾಲೀಕರು ಎರಡು ಕೆಲಸಗಳನ್ನು ಈ ವಾರವೇ ಮಾಡಬಹುದು: ಆ ಎರಡು ಕ್ಯಾನುಗಳನ್ನು ಬೇರೆಬೇರೆ ಕೋಣೆಗಳಲ್ಲಿ ಇರಿಸಿ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಹೆಸರು ಬರೆಸುವುದು, ಮತ್ತು ಫ್ಲೋ ಸ್ವಿಚ್ಚಿನ ತಂತಿಗಳು ಸ್ವಿಚ್ಚಿಗೇ ಹೋಗಿವೆಯೇ ಎಂದು ಸ್ವತಃ ಬಗ್ಗಿ ನೋಡುವುದು. ತಮ್ಮ ಪುರವಣಿಯ ಮುಂದಿನ ಸಂಚಿಕೆಯಲ್ಲಿ ಹಿಂದಿನ ಬರಹಕ್ಕೆ ಒಂದು ತಿದ್ದುಪಡಿಯನ್ನು ಪ್ರಕಟಿಸಬೇಕೆಂದೂ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಎಲೆಕ್ಟ್ರಾನಿಕ್ಸ್ ಬೋಧಕ
ಬೆಂಗಳೂರು